ರಕಾರ ಹೋಗಿ ಸಕಾರ ಬಂದದ್ದು

ಕಾಗುಣಿತದ ಮೇಷ್ಟರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಲೇಬಲ್ಲು ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿದ್ದರು. ಸೋಪು, ಶಾಂಪೂ, ಕೆಮ್ಮಿನ ಔಷಧಿ, ಇಲಿ ಪಾಷಾಣ, ಏನೇ ಇರಲಿ, ಅದರ ಮೈಮೇಲೆ ಅಂಟುವ ಚೀಟಿ ಮೊದಲು ಇವರ ಕೆಂಪು ಪೆನ್ನಿನ ಕೆಳಗೆ ತಲೆಬಗ್ಗಿಸಿ ಹೋಗಬೇಕಿತ್ತು. ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ ಬಂದರೆ ಇವರ ಪ್ರಾಣವೇ ಹೋದಂತಾಗುತ್ತಿತ್ತು. ಪ್ರಾಯದಲ್ಲಿ ಒಮ್ಮೆ ಸಂಬಂಧ ಕೇಳಿಕೊಂಡು ಬಂದ ಕಾಗದವನ್ನು ಪೂರ್ತಿ ತಿದ್ದಿ, ಕೆಳಗೆ ‘ಒಟ್ಟು ತಪ್ಪು ಹನ್ನೊಂದು’ ಎಂದು ಬರೆದು ವಾಪಸು ಕಳಿಸಿದ್ದರಿಂದ ಮದುವೆಯ ಮಾತು ಅಲ್ಲಿಗೇ ನಿಂತುಹೋಗಿತ್ತು.

ಮನೆಯಲ್ಲಿ ಇದ್ದವಳು ಅಕ್ಕ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರದ ಸಮೇತ ತಮ್ಮನ ಮನೆಗೆ ಬಂದು, ಮುಂದಿನ ಕೋಣೆಯನ್ನು ಹಿಡಿದುಕೊಂಡು, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಬಾಯಿ ಕತ್ತರಿಗಿಂತ ಹರಿತ. ಜಗತ್ತಿನಲ್ಲಿ ಯಾರಿಗೂ ಹೆದರದ ಆಕೆ ಹೆದರುತ್ತಿದ್ದುದು ಕಡಲೆಬೀಜ ಒಂದಕ್ಕೆ. ಒಂದು ಚೂರು ಒಳಗೆ ಹೋದರೂ ಸಾಕು, ತುಟಿ ಊದಿ, ಮೈತುಂಬ ದದ್ದು ಎದ್ದು, ಗಂಟಲು ಬಿಗಿಯುತ್ತಿತ್ತು. ಕಡಲೆಬೀಜದ್ದು ಒಂದು ಕಷ್ಟವಾದರೆ ಜನರದ್ದು ಹತ್ತು ಕಷ್ಟ. “ಕಡಲೆಬೀಜ ಏನೂ ಹಾಕಿಲ್ಲಮ್ಮ, ಸ್ವಲ್ಪ ಪುಡಿ ಉದುರಿಸಿದೀನಿ ಅಷ್ಟೇ” ಎನ್ನುವಳು ಒಬ್ಬಳು. “ಚಿಕ್ಕವರಿದ್ದಾಗ ತಿನ್ನಿಸಿ ಅಭ್ಯಾಸ ಮಾಡಿಸಿಲ್ಲ, ಅದಕ್ಕೇ ಹಿಂಗೆ” ಎನ್ನುವಳು ಇನ್ನೊಬ್ಬಳು. “ನಮ್ಮ ಕಾಲದಲ್ಲಿ ಇಂಥಾ ಕಾಯಿಲೆ ಎಲ್ಲಾ ಇರಲಿಲ್ಲ” ಎಂದು ಅವಳಿಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಹೇಳಿ ಬೈಸಿಕೊಂಡಿದ್ದ. ಹಾಗಾಗಿ ಅಕ್ಕ ಹೊರಗಿನದು ಎಂದು ತಿನ್ನುತ್ತಿದ್ದುದು ಬಾಳೆಹಣ್ಣು ಮಾತ್ರ. “ಅದನ್ನ ದೇವರೇ ಪ್ಯಾಕ್ ಮಾಡಿದಾನೆ” ಎನ್ನುತ್ತಿದ್ದಳು. ಆದರೆ ಸಂಜೆ ಚಹಾ ಕುಡಿಯುವಾಗ ಎದುರು ಮನೆಯವರು ಬಿಸ್ಕತ್ತು ಅದ್ದಿಕೊಳ್ಳುವುದನ್ನು ಕಿಟಕಿಯಿಂದ ನೋಡುವಾಗ ಅವಳ ಮುಖ ಸಣ್ಣದಾಗುತ್ತಿತ್ತು. ಅದು ತಮ್ಮನಿಗೆ ಗೊತ್ತಿತ್ತು.

ಆ ದಿನಗಳಲ್ಲಿ ಪ್ರೆಸ್ಸಿಗೆ ‘ರಹಿತ’ದ ಸುಗ್ಗಿ. ಸಕ್ಕರೆ ರಹಿತ, ಕೊಬ್ಬು ರಹಿತ, ಬಣ್ಣ ರಹಿತ. ಒಬ್ಬರು ಉಪ್ಪಿನ ಪ್ಯಾಕೆಟ್ಟಿನ ಮೇಲೆ ‘ಮೊಟ್ಟೆ ರಹಿತ’ ಎಂದು ಹಾಕಿಸಿಕೊಂಡು ಹೋದರು. ಇನ್ನೊಬ್ಬರು ಕುಡಿಯುವ ನೀರಿಗೆ ‘ಗೋಧಿ ರಹಿತ’ ಎಂದು ಬರೆಸಿದರು. ಮೇಷ್ಟರು ತಲೆ ಕೆರೆದುಕೊಂಡಾಗ ಪ್ರೆಸ್ಸಿನ ಯಜಮಾನರು ನಕ್ಕಿದ್ದರು. “ಇರೋದನ್ನ ಬರೆದ್ರೆ ಯಾರೂ ಕೊಳ್ಳಲ್ಲ ಮೇಷ್ಟ್ರೇ. ಇಲ್ಲದ್ದನ್ನ ಬರೆದ್ರೆ ಮುಗಿಬಿದ್ದು ಕೊಳ್ತಾರೆ. ನೀವು ಒತ್ತಕ್ಷರ ನೋಡ್ಕೊಳಿ ಸಾಕು.”

ಅಂಥದ್ದೊಂದು ದಿನ ಬಿಸ್ಕತ್ತಿನ ಸಾಹುಕಾರ ಬಂದ. ದುಂಡು ಮುಖ, ದುಂಡು ಹೊಟ್ಟೆ, ಬೆರಳುಗಳೂ ಆಗಷ್ಟೇ ಒಲೆಯಿಂದ ತೆಗೆದ ಹಾಗೆ ಉಬ್ಬಿದ್ದವು. ಅವನ ಹೊಸ ಬೆಣ್ಣೆ ಬಿಸ್ಕತ್ತಿನ ಲೇಬಲ್ಲಿನಲ್ಲಿ ಹಸಿರು ವೃತ್ತ, ವೃತ್ತದೊಳಗೆ ‘ಕಡಲೆಬೀಜ ರಹಿತ’.

ಮೇಷ್ಟರು ಆ ಎರಡು ಪದಗಳನ್ನು ನಾಲ್ಕು ಸಲ ಓದಿದರು. ತಪ್ಪೇನೂ ಇರಲಿಲ್ಲ, ಸಂತೋಷಕ್ಕೆ ಓದಿದರು. “ಸಾಹುಕಾರ್ರೇ, ನಿಜವಾಗ್ಲೂ ಇಲ್ವಾ?”

“ಹಾಕಿದ್ರೆ ತಾನೇ ಇರೋಕೆ?” ಎಂದ ಸಾಹುಕಾರ, ಅಕ್ಕನ ಕಥೆ ಕೇಳಿ ಕರಗಿ, ಒಂದು ಡಬ್ಬಿ ಬಿಸ್ಕತ್ತನ್ನೇ ಕೊಟ್ಟು ಹೋದ.

ಮೇಷ್ಟರು ಡಬ್ಬಿಯನ್ನು ಎದೆಗವಚಿಕೊಂಡು ಮನೆಗೆ ಬಂದರು. ಅಕ್ಕ ಡಬ್ಬಿಯನ್ನು ತಿರುಗಿಸಿ, ಬುಡ ನೋಡಿ, ದೀಪದ ಹತ್ತಿರ ಹಿಡಿದು ಓದಿದಳು.

“ಇದು ನಿಜಾನೇನೋ?”

“ನಾನೇ ಪಾಸು ಮಾಡಿದ ಲೇಬಲ್ಲು ಅಕ್ಕಾ. ಒಂದಕ್ಷರ ತಪ್ಪಿಲ್ಲ.”

ಅಕ್ಕ ಚಹಾ ಮಾಡಿದಳು. ಮೊದಲನೆಯ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಕಣ್ಣು ಮುಚ್ಚಿ ತಿಂದಳು. ಎರಡನೆಯದನ್ನು ಕಣ್ಣು ಬಿಟ್ಟು ತಿಂದಳು. ಮೂರನೆಯದಕ್ಕೆ ಕೈ ಹಾಕುವಾಗ, “ಲೋ, ನನ್ನ ತುಟಿ ನೋಡು” ಎಂದಳು. ನೋಡಿದರೆ ಮೇಲ್ದುಟಿ ಆಗಲೇ ಕೆಳದುಟಿಗೆ ನೆರಳು ಕೊಡುವಷ್ಟಾಗಿತ್ತು.

ಅವಳು ಸದಾ ಕೈಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದ ಔಷಧಿ ತುಂಬಿದ ಸೂಜಿಯನ್ನು ಮೇಷ್ಟರು ಅವಳ ತೊಡೆಗೆ ಚುಚ್ಚಿ, ರಿಕ್ಷಾ ಹಿಡಿದು ಆಸ್ಪತ್ರೆಗೆ ಓಡಿದರು. ವೈದ್ಯೆ ಮತ್ತೊಂದು ಇಂಜೆಕ್ಷನ್ ಕೊಟ್ಟು, ಮೂಗಿಗೆ ಆಮ್ಲಜನಕದ ನಳಿಗೆ ಇಟ್ಟು, “ಏನು ತಿಂದ್ರು?” ಎಂದು ಕೇಳಿದರು.

“ಕಡಲೆಬೀಜ ಇಲ್ಲದ ಬಿಸ್ಕತ್ತು.”

“ಇಲ್ಲದ್ದು ತಿಂದು ಹಿಂಗಾಗಲ್ಲ. ಇದ್ದದ್ದು ತಿಂದಿದ್ದಾರೆ.”

ಅರ್ಧ ಗಂಟೆಯ ಮೇಲೆ ಉಸಿರು ಹದಕ್ಕೆ ಬಂತು. ನಾಲಿಗೆ ಮಾತ್ರ ಇನ್ನೂ ದಪ್ಪವಾಗಿದ್ದುದರಿಂದ ಅಕ್ಕ ಸನ್ನೆ ಮಾಡಿ ಕಾಗದ ತರಿಸಿಕೊಂಡು ಬರೆದಳು: ‘ನಿನ್ನ ಲೇಬಲ್ಲಿಗೆ ಬೆಂಕಿ ಬಿಳ’. ಮೇಷ್ಟರು ಓದಿದರು. ಕಣ್ಣಲ್ಲಿ ನೀರಿತ್ತು, ನಿಜ. ಆದರೆ ಕೈ ತನ್ನಷ್ಟಕ್ಕೆ ಜೇಬಿಗೆ ಹೋಗಿ, ಕೆಂಪು ಪೆನ್ನು ತೆಗೆದು, ‘ಬಿಳ’ವನ್ನು ‘ಬೀಳ’ ಎಂದು ತಿದ್ದಿಬಿಟ್ಟಿತು. ಅಕ್ಕ ಮಲಗಿದಲ್ಲಿಂದಲೇ ರಟ್ಟಿನ ಪ್ಯಾಡಿನಿಂದ ಅವರ ತಲೆಗೆ ಬಾರಿಸಿದಳು. “ಚೇತರಿಸಿಕೊಳ್ತಿದ್ದಾರೆ” ಎಂದರು ವೈದ್ಯೆ.

ಮಾರನೆಯ ದಿನ ಮೇಷ್ಟರು ಪ್ರೆಸ್ಸಿಗೆ ರಜ ಹಾಕಿ ಬಿಸ್ಕತ್ತಿನ ಕಾರ್ಖಾನೆಗೆ ಹೋದರು. ತಗಡಿನ ಮಾಡಿನ ಉದ್ದನೆಯ ಕಟ್ಟಡ. ಒಳಗೆ ಬೆಣ್ಣೆಯ ಘಮ. ಹಿಟ್ಟು ಕಲಸುವ ಯಂತ್ರ ಒಂದೇ, ಒಲೆ ಒಂದೇ, ಕಪ್ಪು ತಟ್ಟೆಗಳ ಸಾಲೂ ಒಂದೇ. ಯಂತ್ರದ ಹತ್ತಿರ ನಿಂತಿದ್ದ ಕೆಲಸದ ಹೆಂಗಸು ಮುಚ್ಚುಮರೆಯಿಲ್ಲದೆ ವಿವರಿಸಿದಳು.

“ಬೆಳಿಗ್ಗೆ ಕಡಲೆಬೀಜದ್ದು ಮಾಡ್ತೀವಿ. ಮಧ್ಯಾಹ್ನ ಇಲ್ಲದ್ದು ಮಾಡ್ತೀವಿ.”

“ನಡುವೆ?”

“ನಡುವೆ ಊಟ ಮಾಡ್ತೀವಿ.”

“ಯಂತ್ರ ತೊಳೆಯಲ್ವಾ?”

“ಬ್ರಶ್ಶಲ್ಲಿ ಉಜ್ತೀವಲ್ಲ!” ಎಂದು ಆಕೆ ಬ್ರಶ್ಶನ್ನು ಎತ್ತಿ ತೋರಿಸಿದಳು. ಅದರ ಕೂದಲ ಸಂದಿಯಲ್ಲಿ ಒಂದು ಹಿಡಿ ಕಡಲೆಬೀಜದ ಪುಡಿ ಸುಖವಾಗಿ ಮನೆ ಮಾಡಿಕೊಂಡಿತ್ತು.

ಸಾಹುಕಾರ ಅಕ್ಕನಿಗಾದದ್ದನ್ನು ಕೇಳಿ ನಿಜವಾಗಿಯೂ ನೊಂದುಕೊಂಡ. ಎರಡು ಸಲ “ಅಯ್ಯಯ್ಯೋ” ಎಂದ. ಆದರೆ ಲೇಬಲ್ಲಿನ ಮಾತು ಬಂದಾಗ ಕಲ್ಲಾದ. “ನಾನಾಗಿ ಹಾಕಿಲ್ಲ ಮೇಷ್ಟ್ರೇ. ಅದಾಗಿ ಅದೇ ಬಂದು ಬಿದ್ರೆ ನಾನೇನು ಮಾಡ್ಲಿ?”

“‘ಕಡಲೆಬೀಜದ ಅಂಶ ಇರಬಹುದು’ ಅಂತಾದ್ರೂ ಹಾಕಿ.”

“ಇರಬಹುದು ಅಂತ ಬರೆದ್ರೆ ಯಾರು ತಿಂತಾರೆ? ಮನೆ ಬಾಡಿಗೆಗೆ ಕೊಡೋವಾಗ ‘ಹಾವು ಇರಬಹುದು’ ಅಂತ ಬೋರ್ಡು ಹಾಕ್ತಾರಾ?”

ಪ್ರೆಸ್ಸಿನ ಯಜಮಾನರೂ ಕೈ ತೊಳೆದುಕೊಂಡರು. “ನಾವು ಕನ್ನಡಿ ಇದ್ದ ಹಾಗೆ. ಮುಖ ಹೆಂಗಿದ್ರೂ ತೋರಿಸೋದು ನಮ್ಮ ಕೆಲಸ.” ‘ಇದು ಮುಖವಲ್ಲ, ಮುಖವಾಡ’ ಎಂದು ಮೇಷ್ಟರಿಗೆ ಉತ್ತರ ಹೊಳೆದದ್ದು ಮನೆಗೆ ಬಂದ ಮೇಲೆ. ಒಳ್ಳೆಯ ಉತ್ತರಗಳು ಅವರಿಗೆ ಯಾವಾಗಲೂ ಎರಡನೆಯ ಕರಡಿನಲ್ಲೇ ಸಿಗುತ್ತಿದ್ದವು.

ಮೂರು ವಾರದ ಮೇಲೆ ಸಾಹುಕಾರ ಮತ್ತೆ ಬಂದ. ರಹಿತ ಬಿಸ್ಕತ್ತು ಚೆನ್ನಾಗಿ ಓಡುತ್ತಿತ್ತು. ಈಗ ಸಣ್ಣ ಪ್ಯಾಕೆಟ್ಟು ಮಾಡುತ್ತಾನಂತೆ, ಅದಕ್ಕೆ ಸಣ್ಣ ಲೇಬಲ್ಲು, ಇಪ್ಪತ್ತು ಸಾವಿರ. ಅಳತೆ ಬದಲಾದ್ದರಿಂದ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕಾಯಿತು. ಕಂಪ್ಯೂಟರಿನ ಮುಂದೆ ಕೂರುವ ಟೈಪಿಂಗ್ ಮೇಡಂ ಜೋಡಿಸಿ, ಕರಡು ತೆಗೆದು ಮೇಷ್ಟರ ಮೇಜಿನ ಮೇಲಿಟ್ಟರು.

ಮೇಷ್ಟರು ಕರಡನ್ನು ನೋಡಿದರು. ಹಸಿರು ವೃತ್ತ ಅವರನ್ನು ನೋಡಿತು. ಅಕ್ಕ ಈಗ ಬಾಳೆಹಣ್ಣನ್ನೂ ಎರಡು ಸಲ ತೊಳೆದು ತಿನ್ನುತ್ತಿದ್ದಳು. ‘ರಹಿತ’. ಎಂಥಾ ಪದ! ಮೊದಲಕ್ಷರ ಒಂದು ಬದಲಾದರೆ ಅರ್ಥ ತಲೆಕೆಳಗು. ಮೂವತ್ತೊಂದು ವರ್ಷ ಅವರು ಅಕ್ಷರ ಸರಿಯಿದೆಯೇ ಎಂದು ನೋಡಿದ್ದರೇ ಹೊರತು ಮಾತು ಸರಿಯಿದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು. ಗ್ರಾಹಕ ಕೊಟ್ಟ ಮಾತನ್ನು ಕರಡು ತಿದ್ದುವವನು ಬದಲಿಸಬಾರದು. ಅದು ಈ ಕಸುಬಿನ ಮೊದಲ ಪಾಠ. ಕೊನೆಗೆ ‘ರ’ದ ಮೇಲೆ ಗೆರೆ ಎಳೆದು, ಅಂಚಿನಲ್ಲಿ ದುಂಡಗೆ ‘ಸ’ ಎಂದು ಬರೆದರು.

ಟೈಪಿಂಗ್ ಮೇಡಂ ಹಾಳೆ ಹಿಡಿದು ಬಂದರು. “ಸಾರ್, ಇಲ್ಲಿ...”

“ನಾನು ತಿದ್ದಿದ್ದೇನಮ್ಮ.”

“ಹೌದಾ ಸಾರ್” ಎಂದು ಆಕೆ ತಿರುಗಿ ಹೋದರು. ಮೇಷ್ಟರ ಮಾತಿಗೆ ಆ ಪ್ರೆಸ್ಸಿನಲ್ಲಿ ಅಪೀಲು ಇರಲಿಲ್ಲ.

ಇನ್ನು ಸಾಹುಕಾರನ ಸಹಿ ಬೇಕು. ಸಿಕ್ಕಿಬಿದ್ದೆ ಎಂದುಕೊಂಡೇ ಮೇಷ್ಟರು ಕರಡನ್ನು ಅವನ ಮುಂದಿಟ್ಟರು. ಸಾಹುಕಾರ ಕರಡನ್ನು ಕೈಯಲ್ಲಿ ಹಿಡಿದು, ದೂರ ಒಯ್ದು, ಹತ್ತಿರ ತಂದು, ಒಂದು ಕಣ್ಣು ಮುಚ್ಚಿ ನೋಡಿ, “ಹಸಿರು ಇನ್ನೂ ಸ್ವಲ್ಪ ಗಾಢ ಮಾಡಿ” ಎಂದು ‘ಸಹಿತ’ದ ಕೆಳಗೇ ಸಹಿ ಹಾಕಿದ.

ಲೇಬಲ್ಲು ಹೋಯಿತು. ಮೇಷ್ಟರು ಆಕಾಶ ಕಳಚಿ ಬೀಳುವುದನ್ನು ಕಾಯುತ್ತ ಕೂತರು. ಪ್ರತಿ ಸಲ ಫೋನು ಹೊಡೆದುಕೊಂಡಾಗಲೂ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಒಂದು ವಾರ ಕಳೆಯಿತು. ಏನೂ ಆಗಲಿಲ್ಲ. ಎರಡನೆಯ ವಾರ ಅವರಿಗೆ ಭಯ ಹೋಗಿ ಬೇಜಾರು ಶುರುವಾಯಿತು. ಅಂಗಡಿಯವ ಓದಲಿಲ್ಲ, ಕೊಂಡವರು ಓದಲಿಲ್ಲ, ಲೇಬಲ್ಲು ಅಂಟಿಸಿದವರೂ ಓದಲಿಲ್ಲ. ಹಾಗಾದರೆ ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದ್ದನ್ನೆಲ್ಲ ಓದಿದವರು ಯಾರು? ಬೀದಿ ಮೂಲೆಯ ಅಂಗಡಿಗೆ ಹೋಗಿ, ಆ ಪ್ಯಾಕೆಟ್ಟನ್ನು ಕೈಗೆತ್ತಿಕೊಂಡು, ಎಲ್ಲರಿಗೂ ಕೇಳುವಂತೆ “ಕಡಲೆಬೀಜ ಸ-ಹಿ-ತ!” ಎಂದು ಓದಿದರು. ಅಂಗಡಿಯವ ಕೇಳಿದ್ದು “ಒಂದಾ, ಎರಡಾ?” ಎಂದಷ್ಟೆ.

ಮೂರನೆಯ ವಾರ ಸಾಹುಕಾರ ಪ್ರೆಸ್ಸಿನ ಬಾಗಿಲನ್ನು ಹೆಚ್ಚು ಕಡಿಮೆ ಮುರಿದುಕೊಂಡೇ ಒಳಗೆ ಬಂದ. ಕೈಯಲ್ಲಿ ಒಂದು ಪತ್ರದ ನಕಲು. ಬರೆದವರು ಕೆಲಸದಿಂದ ನಿವೃತ್ತರಾದ ಒಬ್ಬ ಅಂಚೆಯವರು. ಆಹಾರ ತಪಾಸಣೆಯ ಕಚೇರಿಗೆ ದೂರು ಕೊಟ್ಟಿದ್ದರು: ‘ಕಡಲೆಬೀಜ ಸಹಿತ ಎಂದು ನಂಬಿ ನಾಲ್ಕು ಪ್ಯಾಕೆಟ್ಟು ತಿಂದೆ. ಒಂದು ಬೀಜವೂ ಹಲ್ಲಿಗೆ ಸಿಗಲಿಲ್ಲ. ನನಗೆ ಉಳಿದಿರುವುದೇ ಆರು ಹಲ್ಲು. ಅವಕ್ಕೂ ಮೋಸವೇ?’

“ತಪಾಸಣೆಯವರು ಕಾರ್ಖಾನೇಲಿ ಕೂತಿದ್ದಾರೆ. ಬಂದು, ಇದು ಪ್ರೆಸ್ಸಿನ ತಪ್ಪು ಅಂತ ಹೇಳಿ!” ಎಂದು ಸಾಹುಕಾರ ಯಜಮಾನರನ್ನೂ ಮೇಷ್ಟರನ್ನೂ ತನ್ನ ವ್ಯಾನಿನಲ್ಲಿ ತುಂಬಿಕೊಂಡು ಹೋದ.

ತಪಾಸಣೆಯ ಅಧಿಕಾರಿ ಸಣ್ಣ ಮೈಕಟ್ಟಿನ ಹೆಂಗಸು. ಹಿಟ್ಟಿನ ಮೂಟೆಯ ಮೇಲೆ ಕರವಸ್ತ್ರ ಹಾಸಿಕೊಂಡು ಕೂತು ಒಂದೇ ಸಮನೆ ಬರೆಯುತ್ತಿದ್ದರು. ತಲೆ ಎತ್ತದೆ ಹೇಳಿದರು: “ಇದೆ ಅಂತ ಬರೆದು ಇಲ್ಲದಿದ್ರೆ ಅದು ಮೋಸ. ಅಂಗಡಿಗಳಿಗೆ ಹೋದ ಅಷ್ಟೂ ಮಾಲು ವಾಪಸ್ ತರಿಸಬೇಕು.”

‘ಅಷ್ಟೂ ಮಾಲು’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಾಹುಕಾರ ಪ್ರೆಸ್ಸನ್ನೂ ಮರೆತ, ಮೇಷ್ಟರನ್ನೂ ಮರೆತ. “ಇಲ್ಲ ಅಂತ ಯಾರು ಹೇಳಿದ್ದು ಮೇಡಂ? ಇದೆ! ಬೇಕಾದಷ್ಟಿದೆ!”

“ಎಲ್ಲಿದೆ?”

“ಬನ್ನಿ ತೋರಿಸ್ತೀನಿ!” ಸಾಹುಕಾರ ಮುಂದೆ ಮುಂದೆ ಓಡಿದ. “ಇದೇ ಯಂತ್ರದಲ್ಲಿ ಬೆಳಿಗ್ಗೆ ಕಡಲೆಬೀಜದ ಹಿಟ್ಟು ಕಲಸ್ತೀವಿ. ಈ ಸಂದೀಲಿ ಬೆರಳು ಹಾಕಿ ನೋಡಿ, ಹಾಕಿ, ಸಂಕೋಚ ಮಾಡ್ಕೋಬೇಡಿ. ಈ ತಟ್ಟೆ ನೋಡಿ. ಈ ಬ್ರಶ್ಶು ನೋಡಿ! ಒಂದೊಂದು ಬಿಸ್ಕತ್ತಿಗೂ ಅದರ ಅಂಶ ಹತ್ತೇ ಹತ್ತತ್ತೆ. ಏನಮ್ಮಾ, ಹೌದೋ ಅಲ್ವೋ?”

“ಹೌದು ಯಜಮಾನ್ರೇ, ಎಷ್ಟು ಉಜ್ಜಿದ್ರೂ ಹೋಗಲ್ಲ” ಎಂದು ಕೆಲಸದ ಹೆಂಗಸು ನಿಷ್ಠೆಯಿಂದ ದನಿಗೂಡಿಸಿದಳು.

ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಗೋಡೆಗೆ ನೇತುಹಾಕಿದ್ದ ಹಳೆಯ ದೊಡ್ಡ ಲೇಬಲ್ಲಿನ ಸುರುಳಿಯಿಂದ ಒಂದನ್ನು ನಿಧಾನವಾಗಿ ಬಿಡಿಸಿ, ಸಾಹುಕಾರನ ಮುಂದೆ ಹಿಡಿದರು. “ಹಾಗಾದ್ರೆ ಇದೇನು?”

ಸಾಹುಕಾರ ಓದಿದ. ಬಹುಶಃ ತನ್ನ ಲೇಬಲ್ಲನ್ನು ಅವನು ಓದಿದ್ದು ಅದೇ ಮೊದಲು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದದ್ದಲ್ಲದೆ ಅಲ್ಲಿಂದ ಆಳವನ್ನೂ ಅಳೆದು ಹೇಳಿದ್ದ.

“ಒಂದರಲ್ಲಿ ರಹಿತ, ಒಂದರಲ್ಲಿ ಸಹಿತ. ಬಿಸ್ಕತ್ತು ಒಂದೇ. ಬದಲಾಯಿಸಿದ್ದು ಯಾರು?”

ಯಜಮಾನರು ಬಾಯಿ ಬಿಡುವ ಮೊದಲೇ ಮೇಷ್ಟರು ಒಂದು ಹೆಜ್ಜೆ ಮುಂದೆ ಬಂದರು. “ನಾನು. ಕೈ ತಪ್ಪಿ ಆದದ್ದಲ್ಲ. ತಿಳಿದೇ ತಿದ್ದಿದ್ದು.” ಎಂದವರೇ ಅಕ್ಕನ ತುಟಿಯಿಂದ ಶುರುಮಾಡಿ ಬ್ರಶ್ಶಿನವರೆಗೆ ಎಲ್ಲವನ್ನೂ ಹೇಳಿದರು. ಹೇಳುತ್ತ ಹೇಳುತ್ತ, ಈಕೆ ಮೆಚ್ಚಿಕೊಳ್ಳುತ್ತಾರೆ ಎಂಬ ಸಣ್ಣ ಆಸೆಯೂ ಅವರೊಳಗೆ ಮೊಳೆಯಿತು.

ಅಧಿಕಾರಿ ಮೆಚ್ಚಲಿಲ್ಲ. “ಇಲ್ಲ ಅಂತ ಬರೆದ್ರೆ ಧೂಳೂ ಇರಬಾರದು. ಸಹಿತ ಅಂತ ಬರೆದ್ರೆ ಬೀಜ ಹಾಕಿರಬೇಕು. ಅವರದ್ದು ಒಂದು ಸುಳ್ಳು, ನಿಮ್ಮದು ಒಂದು ಸುಳ್ಳು. ಯಂತ್ರ ನೋಡಿದ ದಿನವೇ ನಮಗೊಂದು ದೂರು ಬರೆಯೋಕೆ ಏನಾಗಿತ್ತು ನಿಮಗೆ? ಅಷ್ಟು ಚೆನ್ನಾಗಿ ಬರೆಯೋಕೆ ಬರುತ್ತೆ!”

ದೂರು ಬರೆಯಬಹುದು ಎಂಬುದು ಮೇಷ್ಟರಿಗೆ ಹೊಳೆದೇ ಇರಲಿಲ್ಲ. ಬೇರೆಯವರು ಬರೆದದ್ದನ್ನು ತಿದ್ದುವುದಷ್ಟೆ ಅವರಿಗೆ ಗೊತ್ತು.

ರಹಿತವೂ ಸಹಿತವೂ ಎರಡೂ ಅಂಗಡಿಗಳಿಂದ ವಾಪಸು ಬಂದವು. ಹೊಸ ಲೇಬಲ್ಲಿಗೆ ಕಚೇರಿಯ ಒಪ್ಪಿಗೆ ಸಿಗುವ ತನಕ ಬೆಣ್ಣೆ ಬಿಸ್ಕತ್ತು ಮಾರುವ ಹಾಗಿಲ್ಲ ಎಂದಾಯಿತು. ಪ್ರೆಸ್ಸಿನ ಯಜಮಾನರು ಮೇಷ್ಟರನ್ನು ಕೋಣೆಗೆ ಕರೆದು, “ಹದಿನೈದು ದಿನ ಮನೇಲಿರಿ. ಕರಡಿಗೆ ಸಹಿ ಹಾಕಿದ್ದು ಅವನೇ ಆದ್ದರಿಂದ ನಾನು ಬಚಾವಾದೆ, ನಿಮ್ಮಿಂದಲ್ಲ” ಎಂದರು.

ಮನೆಗೆ ಬಂದು ಹೇಳಿದರೆ ಅಕ್ಕನೂ ಹೊಗಳಲಿಲ್ಲ. “ನನಗೆ ಊದಿದ್ದು ತುಟಿ. ನಿನಗೆ ಊದಿದ್ದು ತಲೆ” ಎಂದಳು. “ಆ ಅಧಿಕಾರಿ ಹೇಳಿದ್ದು ಸರಿಯಾಗಿದೆ. ನೆಟ್ಟಗೆ ಹೋಗಿ ಹೇಳಬೇಕಾದ್ದನ್ನ ಅಕ್ಷರದ ಹಿಂದೆ ಬಚ್ಚಿಟ್ಟುಕೊಂಡು ಹೇಳಿದೀಯ.” ಬೈದು ಮುಗಿಸಿ, ತಮ್ಮನಿಗೆ ಸಮವಸ್ತ್ರಕ್ಕೆ ಗುಂಡಿ ಹಾಕುವ ಕೆಲಸ ಕೊಟ್ಟಳು. ಆದರೆ ಆ ದಿನ ಅನ್ನಕ್ಕೆ ಎರಡು ಚಮಚ ತುಪ್ಪ ಹೆಚ್ಚು ಬಿದ್ದದ್ದನ್ನು ಮೇಷ್ಟರು ಗಮನಿಸಿದರು.

ಹತ್ತನೆಯ ದಿನ ಬಾಗಿಲಲ್ಲಿ ಸಾಹುಕಾರ ನಿಂತಿದ್ದ. ಇಳಿದುಹೋಗಿದ್ದ, ತಟ್ಟೆಯಲ್ಲಿ ಉಬ್ಬದೆ ಕೂತ ಹಿಟ್ಟಿನ ಹಾಗೆ. ಮೇಷ್ಟರು ಜಗಳಕ್ಕೆ ಬಂದನೆಂದು ಎದ್ದು ನಿಂತರೆ ಅವನು ಜೇಬಿನಿಂದ ಮೂರು ಚೀಟಿ ತೆಗೆದ.

“ಮೂರು ಸಲ ಬರೆದು ಕೊಟ್ಟೆ ಮೇಷ್ಟ್ರೇ. ಮೂರನ್ನೂ ತಪಾಸಣೆಯ ಆಯಮ್ಮ ಹಿಂದಕ್ಕೆ ಎಸೆದ್ರು. ತಿದ್ದಿಕೊಡಿ.”

ಮೇಷ್ಟರು ಓದಿದರು. ಮೊದಲನೆಯದು: ‘ಹೆಚ್ಚು ಕಡಿಮೆ ಕಡಲೆಬೀಜ ರಹಿತ.’ ಎರಡನೆಯದು: ‘ಕಡಲೆಬೀಜ ನಾವಾಗಿ ಹಾಕಿಲ್ಲ.’ ಮೂರನೆಯದು: ‘ಕಡಲೆಬೀಜದ ವಿಚಾರ ಕೆದಕುವವರು ಫೋನ್ ಮಾಡಿ.’

ಹೊಲಿಗೆ ಯಂತ್ರದ ಸದ್ದು ನಿಂತಿತು. “ಇದರಲ್ಲಿ ತಿದ್ದೋಕೇನಿದೆ? ಹೊಸದಾಗಿ ಬರೀಬೇಕು” ಎಂದು ಅಕ್ಕ ಕೂತಲ್ಲಿಂದಲೇ ಹೇಳಿದಳು. “ಬರ್ಕೊಳೋ. ಕಡಲೆಬೀಜ ಒಗ್ಗದವರು ಇದನ್ನು ತಿನ್ನಬೇಡಿ. ಇದೇ ಯಂತ್ರದಲ್ಲಿ ಕಡಲೆಬೀಜದ ಬಿಸ್ಕತ್ತೂ ಮಾಡುತ್ತೇವೆ. ಅಷ್ಟೇ.”

ಮೇಷ್ಟರು ಬರೆದುಕೊಂಡರು. ತಿದ್ದಲು ಏನೂ ಸಿಗಲಿಲ್ಲ.

“ತಿನ್ನಬೇಡಿ ಅಂತ ನನ್ನ ಬಿಸ್ಕತ್ತಿನ ಮೇಲೆ ನಾನೇ ಬರೆಯೋದಾ ಅಕ್ಕಾ?” ಸಾಹುಕಾರನ ದನಿ ಒಡೆಯಿತು.

“ನನ್ನಂಥೋರು ಬೀದಿಗೆ ಒಬ್ಬರಿರ್ತಾರೆ. ನಾವು ನಾಲ್ಕು ಜನ ತಿನ್ನದೆ ಇದ್ರೆ ನಿಮ್ಮ ಒಲೆ ಆರಲ್ಲ. ನಮ್ಮಲ್ಲಿ ಒಬ್ಬರು ತಿಂದು ಸತ್ರೆ ಆರುತ್ತೆ.”

ತಾನು ಕೊಟ್ಟ ಡಬ್ಬಿ ಸಾಹುಕಾರನ ನೆನಪಿಗೆ ಬಂದಿರಬೇಕು. “ನಿಮಗೆ ಆವತ್ತು ತುಂಬಾ ತೊಂದ್ರೆ ಆಯ್ತಲ್ಲ” ಎಂದ, ಮೆಲ್ಲಗೆ. ಆಮೇಲೆ ವ್ಯಾಪಾರಿಯ ಜೀವ ಮತ್ತೆ ಮಿಸುಕಿತು. “ಆಗ್ಲಿ, ಬರೀತೀನಿ. ಆದ್ರೆ ಅಕ್ಷರ ಇಷ್ಟೇ ಸಾಕಲ್ವಾ?” ಎಂದು ಎರಡು ಬೆರಳ ನಡುವೆ ಇರುವೆ ನುಸುಳದಷ್ಟು ಸಂದು ಮಾಡಿ ತೋರಿಸಿದ.

ಅಕ್ಕ ಕೊರಳಿನಿಂದ ಅಳತೆಯ ಟೇಪು ತೆಗೆದು ಖಾಲಿ ಪ್ಯಾಕೆಟ್ಟಿನ ಮೇಲೆ ಹಾಸಿ, ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಸಾಹುಕಾರ ಕೆಳಗೆ ಇನ್ನೊಂದು ಎಳೆದ. ಅಕ್ಕ ಅದನ್ನು ಒರೆಸಿದಳು. ಅರ್ಧ ಗಂಟೆ ಎಳೆದಾಟವಾಗಿ ಅಕ್ಷರ ಒಂದು ಗುಂಡಿಯಗಲಕ್ಕೆ ತೀರ್ಮಾನವಾಯಿತು. ತಪಾಸಣೆಯವರು ಅದನ್ನು ಒಂದೇ ಸಲಕ್ಕೆ ಒಪ್ಪಿದರು. ಮಾರಾಟ ಮೊದಲ ತಿಂಗಳು ತುಸು ಇಳಿದು, ಮತ್ತೆ ಮೊದಲಿನ ಮಟ್ಟಕ್ಕೆ ಬಂತು. ಬಿಸ್ಕತ್ತು ಚೆನ್ನಾಗಿತ್ತು, ಅದರಲ್ಲಿ ಸುಳ್ಳಿರಲಿಲ್ಲ.

ಗೆರೆ ಎಳೆದಾಡಿದ ಆ ದಿನ ಹೊರಡುವ ಮೊದಲು ಸಾಹುಕಾರ ಅಕ್ಕ ಹೊಲಿದಿಟ್ಟ ಸಮವಸ್ತ್ರದ ರಾಶಿಯನ್ನು ಮುಟ್ಟಿ ನೋಡಿ, “ಒಂದಲ್ಲ ಒಂದು ದಿನ ಬೇರೆ ಯಂತ್ರ ಹಾಕಲೇಬೇಕು, ಬೇರೆ ಕೋಣೆಯಲ್ಲಿ. ಆಗ ಕೆಲಸದವರಿಗೆ ಎರಡು ಬಣ್ಣದ ಏಪ್ರನ್ನು ಹೊಲ್ಕೊಡ್ತೀರಾ? ಕಡಲೆಬೀಜ ಮುಟ್ಟೋರಿಗೆ ಒಂದು ಬಣ್ಣ, ಮುಟ್ಟದವರಿಗೆ ಒಂದು?” ಎಂದು ಕೇಳಿದ.

“ಹೊಲ್ಕೊಡ್ತೀನಿ” ಎಂದಳು ಅಕ್ಕ. “ಆದ್ರೆ ಅಳತೆ ತಗೊಳೋಕೆ ನಾನು ಅಲ್ಲಿಗೆ ಬರಲ್ಲ. ಅವರನ್ನೇ ಇಲ್ಲಿಗೆ ಕಳಿಸಿ. ಕಳಿಸೋ ಮುಂಚೆ ಸ್ನಾನ ಮಾಡಿಸಿ ಕಳಿಸಿ.”